ಬೇಜಾರಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ?

ನನ್ನ ಸೊಸೆಯ ಇಂಗ್ಲಿಷ್ ಕಲಿಕೆಗೆ ನಮ್ಮ ಮನೆಯಲ್ಲಿ ಮೊದಲು ಬಲಿಯಾದದ್ದು ಹಾಲು. ಒಲೆಯ ಮುಂದೆ ನಿಂತು "ದಿ ಮಿಲ್ಕ್ ಈಸ್ ಬಾಯ್ಲಿಂಗ್" ಎಂದಳು. ಸರಿಯಾಗಿಯೇ ಹೇಳಿದಳು. ಆಮೇಲೆ, ಇದು ಈಗ ಕುದಿಯುತ್ತಿರುವುದೋ ಆಗಲೇ ಕುದಿದು ಆಯಿತೋ ಎಂದು ಯೋಚಿಸುತ್ತಾ ಸೌಟು ಹಿಡಿದು ನಿಂತುಬಿಟ್ಟಳು. "ದಿ ಮಿಲ್ಕ್ ಹ್ಯಾಸ್..." ಎನ್ನುವಷ್ಟರಲ್ಲಿ ಹಾಲು ಉಕ್ಕಿ, ಒಲೆಯನ್ನೆಲ್ಲ ತೋಯಿಸಿ, ನೆಲಕ್ಕಿಳಿದಿತ್ತು.

"ಅಮ್ಮಾ ತಾಯಿ, ವ್ಯಾಕರಣ ಆಮೇಲೆ ಮಾಡು, ಮೊದಲು ಒಲೆ ಆರಿಸು!" ಎಂದು ಕೂಗಿದೆ.

ಅವಳು ಒಲೆ ಆರಿಸಿ, ನೆಲ ಒರೆಸುತ್ತಾ, "ಬಾಯ್ಲ್ಡ್ ಓವರ್, ಅತ್ತೆ. ಹ್ಯಾಸ್ ಬಾಯ್ಲ್ಡ್ ಓವರ್. ಈಗ ನೆನಪಾಯ್ತು" ಎಂದಳು. ಮುಖದಲ್ಲಿ ಪಶ್ಚಾತ್ತಾಪದ ಸುಳಿವೇ ಇಲ್ಲ. ಅವತ್ತು ನಾವೆಲ್ಲ ಹಾಲಿಲ್ಲದ ಟೀ ಕುಡಿದೆವು.

ಇಂಗ್ಲಿಷ್ ಅವಳಿಗೆ ಶೋಕಿಯಾಗಿರಲಿಲ್ಲ. ಅವಳು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಮುದುಕರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎತ್ತಿ ಕೂರಿಸುವುದು. ಎತ್ತಿ ಎತ್ತಿ ಅವಳ ಸೊಂಟ ಬಿದ್ದುಹೋಗಿತ್ತು. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಏಳುತ್ತಿದ್ದಳು. ಇನ್ನು ಭಾರ ಎತ್ತಿದರೆ ಹಾಸಿಗೆ ಹಿಡಿಯುತ್ತೀಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆ ಮನೆಯಲ್ಲಿ ಎತ್ತುವ ಕೆಲಸವಿಲ್ಲದ ಜಾಗ ಒಂದೇ ಒಂದು ಖಾಲಿಯಾಗಿತ್ತು. ವಾರಕ್ಕೊಮ್ಮೆ ಪ್ರತಿಯೊಬ್ಬರ ಮಕ್ಕಳಿಗೂ ಫೋನ್ ಮಾಡಿ, ನಿಮ್ಮ ಅಪ್ಪ ಹೀಗಿದ್ದಾರೆ, ನಿಮ್ಮ ಅಮ್ಮ ಹೀಗಿದ್ದಾರೆ ಎಂದು ಹೇಳುವ ಕೆಲಸ. ಅಲ್ಲಿರುವ ಮುದುಕರದು ಒಬ್ಬೊಬ್ಬರದು ಒಂದೊಂದು ಭಾಷೆ. ಮಕ್ಕಳೋ ದಿಕ್ಕಿಗೊಬ್ಬರು. ಎಲ್ಲರಿಗೂ ಅರ್ಥವಾಗುವುದು ಇಂಗ್ಲಿಷ್ ಮಾತ್ರ. ಫೋನ್ ಕೆಲಸ ಸಿಕ್ಕರೆ ಸೊಸೆಯ ಸೊಂಟ ಉಳಿಯುತ್ತದೆ, ಇಲ್ಲದಿದ್ದರೆ ಕೆಲಸವನ್ನೇ ಬಿಡಬೇಕು. ಮಗನೊಬ್ಬನ ಸಂಬಳದಲ್ಲಿ ಈ ಮನೆ ನಡೆಯುವುದಿಲ್ಲ ಎಂಬುದು ಅಡುಗೆ ಮಾಡುವ ನನಗೆ ಚೆನ್ನಾಗಿ ಗೊತ್ತು.

ಹಾಗಾಗಿ ಅವಳು ಸಂಜೆ ಲೈಬ್ರರಿಯ ಮಹಡಿಯಲ್ಲಿ ನಡೆಯುವ ಕ್ಲಾಸಿಗೆ ಸೇರಿದಳು. ಎ ಬಿ ಸಿ ಡಿ ಕಲಿಯುವವರ ಕ್ಲಾಸಲ್ಲ. ಸುಮಾರಾಗಿ ಬರುತ್ತದೆ, ಆದರೆ ಬಾಯಿ ಬಿಡಲು ಧೈರ್ಯವಿಲ್ಲ ಎನ್ನುವವರಿಗೆ ನಡುವಿನ ಕ್ಲಾಸು.

"ನಡುವಿನದು ಅಂದ್ರೆ?" ಎಂದು ಕೇಳಿದೆ.

"ಮೆಟ್ಟಿಲ ಮೇಲೆ ಕೂತಿರೋರ ಕ್ಲಾಸು, ಅತ್ತೆ. ಕೆಳಗಡೆಯಿಂದ ಹತ್ತಿದ್ದಾಗಿದೆ, ಮೇಲ್ಗಡೆ ಬಾಗಿಲು ಇನ್ನೂ ತೆಗೆದಿಲ್ಲ."

ಅಲ್ಲಿ ಕಲಿಸುವ ಮೇಡಂ ನಿಧಾನದ ಹೆಂಗಸು. ದಿನಕ್ಕೊಂದೇ ವಾಕ್ಯ ಸಾಕು, ಆದರೆ ಅದರ ಜೊತೆ ದಿನವಿಡೀ ಬಾಳಬೇಕು ಎನ್ನುತ್ತಿದ್ದರಂತೆ. ನನ್ನ ಸೊಸೆ ಅದನ್ನು ಅಕ್ಷರಶಃ ಪಾಲಿಸಿದಳು. ಆಲೂಗಡ್ಡೆ ಸುಲಿಯುವಾಗ ಆಲೂಗಡ್ಡೆಗೆ ಇಂಗ್ಲಿಷ್ ಹೇಳುತ್ತಿದ್ದಳು. ಬಟ್ಟೆ ಒಣಗಿಸುವಾಗ ಕ್ಲಿಪ್ಪುಗಳ ಜೊತೆ ಸಂಭಾಷಣೆ.

ಮಗನಿಗೆ ಇದು ಹಿಡಿಸಲಿಲ್ಲ. ಅವನು ಸಿಟಿ ಬಸ್ಸಿನ ಡ್ರೈವರ್. ವೇಳೆಗೆ ಸರಿಯಾಗಿ ಸ್ಟಾಪಿಗೆ ತಲುಪುವುದೇ ಅವನ ಜೀವನ. ನಿಧಾನ ಎಂಬ ಮಾತು ಕೇಳಿದರೆ ಅವನ ಕಾಲು ತಾನಾಗಿ ಆಕ್ಸಿಲರೇಟರ್ ಹುಡುಕುತ್ತದೆ.

"ನನ್ನ ಬಸ್ಸಿನ ಹಿಂದೇನೇ ಜಾಹೀರಾತು ಅಂಟಿಸಿದ್ದಾರೆ, ಮೂರು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಅಂತ. ನೀನು ದಿನಕ್ಕೊಂದು ವಾಕ್ಯ ಕಲಿತಾ ಕೂತ್ರೆ ಆ ಜಾಗ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ," ಎಂದು ಊಟಕ್ಕೆ ಕುಳಿತಾಗ ರೇಗಿದ.

"ಅವಸರದಲ್ಲಿ ಕಲ್ತಿದ್ದು ನನ್ನ ಬಾಯಲ್ಲಿ ನಿಲ್ಲಲ್ಲ ರೀ. ಸೊಪ್ಪು ಬಡಿಸ್ಲಾ?"

"ಮಾತು ಮರೆಸ್ಬೇಡ."

"ಮರೆಸ್ತಿಲ್ಲ. ವುಡ್ ಯು ಲೈಕ್ ಸಮ್ ಮೋರ್ ಗ್ರೀನ್ಸ್? ಇವತ್ತಿನ ವಾಕ್ಯ ಇದೇ."

ನಾನು ನಕ್ಕುಬಿಟ್ಟೆ. ಅವನು ಸೊಪ್ಪು ಹಾಕಿಸಿಕೊಂಡ.

ಇನ್ನು ಮೊಮ್ಮಗಳು. ಕಾಲೇಜಿನ ಮೊದಲ ವರ್ಷ. ನಾವು ಅವಳನ್ನು ಕರೆಯುವುದೇ ಪಟಪಟಿ ಎಂದು. ಅವಳ ಇಂಗ್ಲಿಷ್ ಹುರಿಗಡಲೆ ಚೆಲ್ಲಿದ ಹಾಗೆ, ಯಾವ ಕಾಳು ಎತ್ತ ಹೋಯಿತು ಎಂದು ಹಿಡಿಯಲಾಗುವುದಿಲ್ಲ. ಅಮ್ಮನ ಇಂಗ್ಲಿಷ್ ಕೇಳಿದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅಮ್ಮ ಒಂದು ವಾಕ್ಯ ಅರ್ಧ ಮಾಡುವಷ್ಟರಲ್ಲಿ ಉಳಿದರ್ಧ ಇವಳೇ ಮುಗಿಸಿಬಿಡುತ್ತಿದ್ದಳು.

"ನಾನು ಹೇಳ್ತಿದ್ದೆ ಕಣೇ," ಎನ್ನುತ್ತಿದ್ದಳು ಸೊಸೆ.

"ನೀನು ಹೇಳಿ ಮುಗಿಸೋವರ್ಗೂ ನಂಗೆ ವಯಸ್ಸಾಗುತ್ತೆ, ಅಮ್ಮ."

ಒಂದು ಸಂಜೆ ಸೊಸೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಪಟಪಟಿ, ಬೇಜಾರಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ?" ಎಂದು ಕೇಳಿದಳು. ಹುಡುಗಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತದೆಯೇ, "ಬೋರ್" ಎಂದಳು. "ಐ ಆಮ್ ಬೋರ್ಡ್. ನಂಗೆ ಬೇಜಾರಾಗಿದೆ ಅಂತ."

ಸೊಸೆ ಥ್ಯಾಂಕ್ಯೂ ಹೇಳಿ ಬಂದು, ಬಟ್ಟೆ ಮಡಿಸುತ್ತಾ ಆ ವಾಕ್ಯವನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಪಕ್ಕದಲ್ಲಿ ಕುಳಿತು ಕಾಲ್ಚೀಲಗಳ ಜೋಡಿ ಹುಡುಕುತ್ತಿದ್ದ ನನಗೂ ಅದು ಬಾಯಿಪಾಠವಾಯಿತು.

ಅಷ್ಟರಲ್ಲಿ ಆರೈಕೆ ಮನೆಯ ಮ್ಯಾನೇಜರ್ ಅವಳಿಗೆ ಫೋನ್ ಕೆಲಸವನ್ನು ತಾತ್ಕಾಲಿಕವಾಗಿ ಕೊಟ್ಟಿದ್ದರು. ಒಂದು ತಿಂಗಳು ನೋಡೋಣ, ಆಮೇಲೆ ತೀರ್ಮಾನ ಎಂದಿದ್ದರಂತೆ. ಮೊದಲ ವಾರಗಳು ಚೆನ್ನಾಗಿಯೇ ಹೋದವು. ಸೊಸೆ ಗೋಡೆ ಹಿಡಿಯದೆ ಏಳಲು ಶುರುಮಾಡಿದ್ದಳು.

ಅಲ್ಲಿ ಗಡಿಯಾರದ ತಾತ ಎಂದು ಒಬ್ಬರಿದ್ದರು. ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಈಚೆಗೆ ಮಾತು ಪೂರ್ತಿ ನಿಂತುಹೋಗಿತ್ತು. ಅವರ ಮಗಳಿರುವುದು ಸಮುದ್ರದ ಆಚೆ. ಆ ತಾತ ಇದ್ದಕ್ಕಿದ್ದಂತೆ ರಾತ್ರಿಯ ಊಟ ಬಿಟ್ಟುಬಿಟ್ಟರು. ಬೆಳಿಗ್ಗೆ, ಮಧ್ಯಾಹ್ನ ಒಂದಿಷ್ಟು ತಿನ್ನುತ್ತಾರೆ. ಸಂಜೆಯಾದರೆ ತುಟಿ ಬಿಗಿ. ಸೊಸೆ ಮನೆಗೆ ಬಂದು ನಮ್ಮ ಊಟದ ಹೊತ್ತಿಗೂ ಅವರದೇ ಮಾತಾಡುತ್ತಿದ್ದಳು. "ಫೋನ್ ಕೆಲ್ಸ ಮುಗಿಸಿ ಸೂಪಿನ ಚಮಚ ಹಿಡ್ಕೊಂಡು ಎಷ್ಟು ಹೊತ್ತು ಕೂತಿದ್ದೆ ಗೊತ್ತಾ ಅತ್ತೆ? ಮುಖ ತಿರುಗಿಸ್ಕೋತಾರೆ. ನೋಡಿ ನೋಡಿ ನಂಗೇ ಬೇಜಾರಾಗ್ತಿದೆ."

ಆ ವಾರ ಅವರ ಮಗಳಿಗೆ ಫೋನ್ ಮಾಡಿ ಅವಳು ಇದನ್ನೇ ಹೇಳಿದಳು. ಯುವರ್ ಫಾದರ್ ಈಸ್ ನಾಟ್ ಈಟಿಂಗ್ ಡಿನ್ನರ್. ಐ ಆಮ್ ವೆರಿ ಬೋರ್ಡ್.

ನಿಮ್ಮಪ್ಪ ಊಟ ಮಾಡುತ್ತಿಲ್ಲ, ನನಗಂತೂ ಸಾಕಾಗಿ ಆಕಳಿಕೆ ಬರುತ್ತಿದೆ ಎಂದ ಹಾಗಾಯಿತು. ಆ ಮಗಳು ಫೋನ್ ಇಟ್ಟವಳೇ ಮ್ಯಾನೇಜರ್‌ಗೆ ಮಾಡಿ ಬೆಂಕಿಯಾದಳಂತೆ. ನನ್ನ ತಂದೆ ಉಪವಾಸ ಬೀಳುತ್ತಿದ್ದರೆ ಅದು ನಿಮ್ಮ ಕೆಲಸದವಳಿಗೆ ಬೋರಾ?

ಸೊಸೆ ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. "ಸೋಮವಾರದಿಂದ ಮತ್ತೆ ವಾರ್ಡಿಗೆ ಬಾ ಅಂದ್ರು, ಅತ್ತೆ."

"ಎತ್ತೋ ಕೆಲ್ಸಕ್ಕಾ?"

"ಹೂಂ."

ಮಗ ಬಂದ. ವಿಷಯ ಕೇಳಿದ. ಹೆಂಡತಿಯ ಸೊಂಟದ ಚಿಂತೆ ಅವನಲ್ಲಿ ಸಿಟ್ಟಾಗಿ ಹೊರಬಿತ್ತು. "ನಾನು ಬಡ್ಕೊಂಡೆ. ಸರಿಯಾದ ಕೋರ್ಸಿಗೆ ಸೇರು ಅಂತ ಬಡ್ಕೊಂಡೆ. ಆಲೂಗಡ್ಡೆ ಜೊತೆ ಮಾತಾಡಿದ್ರೆ ಇಂಗ್ಲಿಷ್ ಬರುತ್ತಾ?"

"ತಪ್ಪು ನಿಧಾನದ್ದಲ್ಲ, ಪದದ್ದು," ಎಂದಳು ಸೊಸೆ.

ಎಲ್ಲರ ಕಣ್ಣೂ ಪಟಪಟಿಯ ಕಡೆ ತಿರುಗಿತು. ಅವಳು ತಟ್ಟನೆ, "ನಾನೇನ್ ಮಾಡ್ಲಿ? ಬೇಜಾರು ಅಂದ್ರೆ ಬೋರೇ! ಎಲ್ಲರೂ ಹಾಗೇ ಹೇಳೋದು" ಎಂದಳು.

"ಹೌದೇನೇ?" ಎಂದೆ ನಾನು. "ಎದುರು ಮನೆಯವರ ಗಂಡ ತೀರ್ಕೊಂಡಾಗ ನಾವೆಲ್ಲ ಹೋಗಿ, ತುಂಬಾ ಬೇಜಾರಾಯ್ತಮ್ಮ ಅಂದ್ವಲ್ಲ. ನಂಗೆ ಅಲ್ಲಿ ಬೋರಾಗಿತ್ತಾ?"

ಹುಡುಗಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಮಾಡಿದ ಮೊಟ್ಟೆಯ ಸಾರು ಹಾಗೇ ಉಳಿಯಿತು. ನಾನೊಬ್ಬಳೇ ಹಟಕ್ಕೆ ಬಿದ್ದು ತಿಂದೆ, ಮಾಡಿದವಳಲ್ಲವೇ.

ಮರುದಿನ ರಜೆ. ಮಾರುಕಟ್ಟೆಯಿಂದ ಬಟಾಣಿ ತಂದಿದ್ದೆ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಸುರಿದು, "ಯಾರು ಯಾರ ಮೇಲೆ ಕೋಪ ಮಾಡ್ಕೊಂಡಿದ್ರೂ ಸರಿ, ಬಟಾಣಿ ಸುಲ್ದು ಆಮೇಲೆ ಮುಂದುವರಿಸಿ" ಎಂದು ಎಲ್ಲರನ್ನೂ ಕೂರಿಸಿದೆ.

ಸೊಸೆಯೇ ಶುರುಮಾಡಿದಳು. "ನಮ್ಮ ಮೇಡಂಗೆ ಫೋನ್ ಮಾಡಿದ್ದೆ. ಪದಕ್ಕೆ ಪದ ಹುಡುಕ್ಬೇಡ, ಆ ಮಾತನ್ನ ಮನೇಲಿ ಯಾವಾಗ ಯಾವಾಗ ಆಡ್ತೀರಿ ಅಂತ ನೋಡು ಅಂದ್ರು. ಹೇಳಿ. ನಿಮಗೆಲ್ಲ ಯಾವಾಗ ಬೇಜಾರಾಗುತ್ತೆ?"

"ಇದೇನು ಪರೀಕ್ಷೆನಾ?" ಎಂದ ಮಗ.

"ಪರೀಕ್ಷೆ ನಂದು. ನೀವು ಸಹಾಯ ಮಾಡಿ."

ಅವನು ಒಂದು ಕಾಯಿ ಬಿಡಿಸಿ, ಕಾಳನ್ನು ಬಾಯಿಗೆ ಹಾಕಿಕೊಂಡು ಹೇಳಿದ. "ದಿನಾ ಅದೇ ರೂಟು, ಅದೇ ಸಿಗ್ನಲ್ಲು, ಅದೇ ಸ್ಟಾಪು. ಮಧ್ಯಾಹ್ನದ ಟ್ರಿಪ್ಪಲ್ಲಿ ಬೇಜಾರು ಬರುತ್ತೆ."

"ಅದು ಬೋರ್," ಎಂದಳು ಪಟಪಟಿ, ಮೆಲ್ಲಗೆ.

"ನಂದು ಹೇಳ್ಲಾ?" ಎಂದೆ ನಾನು. "ನಿನ್ನ ಫ್ರೆಂಡ್ಸ್ ಬಂದಾಗ, ಅಜ್ಜಿ ನೀನು ಒಳಗಿರು ಅಂದೆಯಲ್ಲ, ಹೋದ ತಿಂಗಳು. ನಂಗೆ ಅವತ್ತು ಬೇಜಾರಾಯ್ತು."

ಹುಡುಗಿಯ ಕೈ ನಿಂತಿತು. "ಅಜ್ಜಿ, ನೀನು ಅವರ ಹತ್ರ ನನ್ನ ಚಿಕ್ಕಂದಿನ ಕಥೆಯೆಲ್ಲ ಹೇಳ್ತೀಯ ಅಂತ..."

"ಹೇಳ್ತಿದ್ದೆ, ಸುಳ್ಳಲ್ಲ. ಆದ್ರೂ ಬೇಜಾರಾಯ್ತು. ಅದಕ್ಕೆ ಏನಂತಾರೆ?"

"ಹರ್ಟ್," ಎಂದಳು. ಬಹಳ ಹೊತ್ತು ತೆಗೆದುಕೊಂಡು ಹೇಳಿದಳು. ಆಮೇಲೆ ನನ್ನ ಕಡೆ ನೋಡದೆ, "ಬೇಜಾರ್ ಮಾಡ್ಕೋಬೇಡ, ಅಜ್ಜಿ."

"ನೋಡಿ, ಇದು ಇನ್ನೊಂದು ಥರ!" ಎಂದು ಸೊಸೆ ಕುಳಿತಲ್ಲೇ ಹಿಗ್ಗಿದಳು. ಅವಳಿಗೆ ಸಂಸಾರಕ್ಕಿಂತ ಪಾಠ ಮುಖ್ಯವಾಗಿತ್ತು ಆಗ.

"ನಂದೂ ಒಂದಿದೆ," ಎಂದಳು ಪಟಪಟಿ. "ಕಾಲೇಜಿಗೆ ಅಡ್ಮಿಷನ್ ಮಾಡ್ಸೋಕೆ ಬಂದಾಗ ಅಮ್ಮ ಆಫೀಸಲ್ಲಿ ನಿಧಾನಕ್ಕೆ ಒಂದೊಂದೇ ಪದ ಇಟ್ಟು ಮಾತಾಡಿದ್ಲು. ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನಂಗೆ ತುಂಬಾ ಬೇಜಾರಾಯ್ತು. ಅವತ್ತಿಂದ ಅಮ್ಮ ಬಾಯಿ ತೆರೆದ್ರೆ ಸಾಕು, ಯಾರಾದ್ರೂ ನಗೋದ್ರೊಳಗೆ ನಾನೇ ಮುಗಿಸ್ಬಿಡ್ಬೇಕು ಅನ್ಸುತ್ತೆ."

ಹುಡುಗಿಗೆ ಅಮ್ಮನ ಇಂಗ್ಲಿಷ್ ಎಂದರೆ ನಾಚಿಕೆ ಎಂದೇ ನಾನು ತಿಳಿದಿದ್ದೆ. ಅಮ್ಮನಿಗೆ ಅಡ್ಡವಾಗಿ ನಿಲ್ಲುತ್ತಿದ್ದಳು ಎಂದು ತಿಳಿದದ್ದು ಆಗ.

"ಅವರು ನಕ್ಕಿದ್ದು ನನಗೂ ಕೇಳಿಸ್ತು ಕಣೇ," ಎಂದಳು ಸೊಸೆ. "ಆದ್ರೆ ಅಡ್ಮಿಷನ್ ಆಯ್ತಲ್ಲ."

ಮಗ ಸಿಪ್ಪೆಗಳನ್ನು ಒಟ್ಟುಮಾಡುತ್ತಾ, "ತಾತನ ವಿಷ್ಯದಲ್ಲಿ ನಿಂಗಾದ ಬೇಜಾರು ಯಾವ ಜಾತಿದು ಅಂತ ಹೇಳು ಮೊದ್ಲು" ಎಂದ. ಸೊಸೆ ಬೆರಳಲ್ಲಿ ಕಾಳು ಹೊರಳಿಸುತ್ತಾ ಕುಳಿತಳು. ಅವರು ತಿನ್ನದೇ ಇದ್ದಾಗ ಮನೆಗೆ ಬಂದರೂ ಅದೇ ಯೋಚನೆ, ತಣ್ಣಗಾದ ಸೂಪಿನ ಬಟ್ಟಲು ವಾಪಸ್ ಒಯ್ಯುವಾಗ ನಾಳೆಯಾದರೂ ತಿನ್ನುತ್ತಾರೋ ಇಲ್ಲವೋ ಎನಿಸುತ್ತದೆ ಎಂದಳು. ತಾಯಿ ಮಗಳು ಸೇರಿ ಅಳೆದು ಸುರಿದು ಒಂದು ಪದ ಆರಿಸಿದರು. ವರೀಡ್. ಬಟಾಣಿ ಮುಗಿಯುವವರೆಗೂ ಪಟಪಟಿ ಅಮ್ಮನ ಒಂದು ವಾಕ್ಯವನ್ನೂ ತಾನು ಮುಗಿಸಲಿಲ್ಲ. ತುಟಿ ಕಚ್ಚಿಕೊಂಡು ಕಾದಳು. ಪಾಪ, ಅದಕ್ಕೆ ಅದೆಷ್ಟು ಕಷ್ಟವಾಯಿತೋ.

ಸೋಮವಾರ ಸೊಸೆ ಮ್ಯಾನೇಜರ್ ಮುಂದೆ ನಿಂತು, ಆ ಮಗಳಿಗೆ ಒಂದೇ ಒಂದು ಫೋನ್ ಮಾಡಲು ಬಿಡಿ, ಆಮೇಲೆ ವಾರ್ಡಿಗೆ ಹೋಗುತ್ತೇನೆ ಎಂದಳಂತೆ. ಅವರು ಪಕ್ಕದಲ್ಲೇ ಕುಳಿತು ಸ್ಪೀಕರ್ ಹಾಕಿಸಿದರು. ಸೊಸೆ ಸಂಜೆ ಬಂದು ನಮಗೆ ಹೇಳಿದ್ದು ಹೀಗೆ. ಅವಳು ಒಂದೊಂದೇ ಮಾತು ಇಟ್ಟು, ಹೋದ ವಾರ ತಪ್ಪು ಪದ ಹೇಳಿದೆ, ನಮ್ಮ ಭಾಷೆಯಲ್ಲಿ ಒಂದೇ ಮಾತಿಗೆ ಹತ್ತಾರು ಅರ್ಥ, ನನಗೆ ಬೋರಾಗಿರಲಿಲ್ಲ, ಭಯವಾಗಿತ್ತು, ದುಃಖವಾಗಿತ್ತು, ಐ ವಾಸ್ ವರೀಡ್ ಎಂದಳು. ಆಮೇಲೆ ಆ ಹೆಂಗಸು ಅಳುತ್ತಾ ಬಡಬಡ ಮಾತಾಡತೊಡಗಿದಳು.

"ನೀನೇನ್ ಮಾಡ್ದೆ?" ಎಂದು ಕೇಳಿದೆ.

"ಮೊದಲಾಗಿದ್ರೆ ಎಸ್ ಎಸ್ ಅಂತ ತಲೆ ಆಡಿಸ್ತಿದ್ದೆ, ಅತ್ತೆ. ಇವತ್ತು, ಪ್ಲೀಸ್, ನಿಧಾನವಾಗಿ ಹೇಳಿ, ನಂಗೆ ಪೂರ್ತಿ ಅರ್ಥ ಆಗ್ಬೇಕು ಅಂದೆ. ಮನೇಲಿದ್ದಾಗ ರಾತ್ರಿ ಊಟಕ್ಕೆ ಮುಂಚೆ ಅವರು ಏನ್ ಮಾಡ್ತಿದ್ರು ಅಂತ ಕೇಳ್ದೆ. ಆಕೆ ಏನೋ ವೈಂಡ್, ವೈಂಡ್ ಅಂದ್ಲು. ನಂಗೆ ಗೊತ್ತಿಲ್ಲದ ಮಾತು. ಹಾಗಂದ್ರೇನು ಅಂತ ಕೇಳ್ದೆ. ಗಡಿಯಾರ ಅಂದ್ಲು, ತಿರುಗಿಸೋದು ಅಂದ್ಲು. ಓಹೋ, ಹಿ ಗಿವ್ಸ್ ಕೀ ಟು ದಿ ಕ್ಲಾಕ್ ಅಂದೆ."

ಪಟಪಟಿ ಮುಖ ಮುಚ್ಚಿಕೊಂಡಳು. "ಅಮ್ಮಾ! ಗಡಿಯಾರಕ್ಕೆ ಕೀ ಕೊಡೋದು ಅಂತ ನಾವು ಹೇಳೋದು. ಅವರಿಗೆ ಅದು ಬೀಗದ ಕೈ ಕೈಗೆ ಕೊಟ್ಟ ಹಾಗೆ ಕೇಳಿಸುತ್ತೆ."

"ಹೂಂ, ಯಾರಿಗೆ ಕೊಡೋದು ಅಂತ ಆಕೇನೂ ಕೇಳಿದ್ಲು. ಆಮೇಲೆ ಇಬ್ಬರೂ ನಕ್ಕುಬಿಟ್ವಿ. ಮ್ಯಾನೇಜರೂ ನಕ್ಕರು. ವಾರ್ಡಿನ ಮಾತು ಮತ್ತೆ ಎತ್ಲಿಲ್ಲ."

ನಗುವಿನ ಜೊತೆ ವಿಷಯವೂ ತಿಳಿಯಿತು. ತಾತ ಆಯುಷ್ಯವಿಡೀ ರಾತ್ರಿ ಮೊದಲು ಮನೆಯ ಗಡಿಯಾರಕ್ಕೆ ಕೀ ಕೊಟ್ಟು, ಆಮೇಲೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದವರು. ವಾರ್ಡಿನಲ್ಲಿ ವಿಚಾರಿಸಿದರೆ, ಅವರು ಜೊತೆಗೆ ತಂದುಕೊಂಡಿದ್ದ ಪುಟ್ಟ ಗಡಿಯಾರ ಈಚೆಗೆ ಕೆಳಗೆ ಬಿದ್ದು ಒಡೆದು, ಯಾರೋ ಅದನ್ನು ಕಸಕ್ಕೆ ಹಾಕಿದ್ದರಂತೆ. ಆರೈಕೆ ಮನೆಯ ಗೋಡೆಯ ಮೇಲಿರುವವೆಲ್ಲ ಬ್ಯಾಟರಿಯವು.

ನಮ್ಮ ಮನೆಯಲ್ಲಿ ಕೀ ಕೊಡುವ ಅಲಾರಂ ಗಡಿಯಾರ ಒಂದಿದೆ. ಮಗನ ತಲೆದಿಂಬಿನ ಪಕ್ಕ ಇರುವುದು. ಬೆಳಗಿನ ಪಾಳಿಗೆ ಏಳಲು ಅವನು ಮೊಬೈಲನ್ನು ನಂಬುವುದಿಲ್ಲ. ನಾನು ಅವನನ್ನು ನೋಡಿದೆ. ಅವನು ತನ್ನ ತಟ್ಟೆ ನೋಡಿದ.

"ಆಮೇಲೆ ನಾನು ಏಳೋದು ಹೇಗೆ?"

"ನಾನಿಲ್ವೇನೋ? ನನ್ನ ಗಂಟಲು ಅದಕ್ಕಿಂತ ಕಮ್ಮೀನಾ?"

"ಅದೇ ಭಯ," ಎಂದು ಗೊಣಗಿದ. ಆದರೆ ಬೆಳಿಗ್ಗೆ ನೋಡಿದರೆ ಗಡಿಯಾರದ ಧೂಳು ಒರೆಸಿ, ಮೆತ್ತನೆಯ ಟವಲಿನಲ್ಲಿ ಸುತ್ತಿ, ಹೆಂಡತಿಯ ಊಟದ ಚೀಲದೊಳಗೆ ಅವನೇ ಇಟ್ಟಿದ್ದ.

ಅವತ್ತು ಸಂಜೆ ತಾತ ಆ ಗಡಿಯಾರವನ್ನು ಕಿವಿಗೆ ಹಿಡಿದು ಕೇಳಿ, ಹಿಂದೆ ಮುಂದೆ ತಿರುಗಿಸಿ, ಕೀ ಕೊಟ್ಟು ಮೇಜಿನ ಮೇಲಿಟ್ಟರು. ಆಮೇಲೆ ಎರಡೂ ಕೈ ಮುಂದೆ ಚಾಚಿದರು. ಸೊಸೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಕೈ ತೊಳೆಸಬೇಕಿತ್ತು. ಸೂಪು ಪೂರ್ತಿ ಕುಡಿದರು, ಬ್ರೆಡ್ಡಿನ ಅಂಚನ್ನು ಮಾತ್ರ ಬಿಟ್ಟರು. ಇದನ್ನು ಹೇಳುವಾಗ ಸೊಸೆ ಅತ್ತಳು, ನಾನೂ ಅತ್ತೆ. ಮಗ ನೀರು ಕುಡಿಯುವ ನೆಪದಲ್ಲಿ ಎದ್ದುಹೋದ.

ತಿಂಗಳ ಕೊನೆಗೆ ಫೋನ್ ಕೆಲಸ ಅವಳಿಗೇ ಖಾಯಂ ಆಯಿತು. ಇವರೇ ಫೋನ್ ಮಾಡಲಿ ಎಂದು ತಾತನ ಮಗಳು ಕೇಳಿಕೊಂಡಿದ್ದಳಂತೆ. ಕ್ಲಾಸನ್ನು ಸೊಸೆ ಬಿಟ್ಟಿಲ್ಲ, ಇನ್ನೂ ಮೆಟ್ಟಿಲ ಮೇಲೆಯೇ ಇದ್ದಾಳೆ, ದಿನಕ್ಕೊಂದೇ ವಾಕ್ಯ. ಮಗ ಈಗ ಅದಕ್ಕೆ ತಕರಾರು ಮಾಡುವುದಿಲ್ಲ. ನನ್ನ ಗಂಟಲಿನ ಬಗ್ಗೆ ಮಾತ್ರ ಮಾಡುತ್ತಾನೆ.

ಹೋದ ಭಾನುವಾರ ನಾವು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ಸೊಸೆಯ ಫೋನ್ ಬಡಿದುಕೊಂಡಿತು. ತಾತನ ಮಗಳು. ರಜೆಯ ದಿನ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದಳಂತೆ. ಸೊಸೆ ಅನ್ನದ ಕೈಯನ್ನು ಹಾಗೇ ಇಟ್ಟುಕೊಂಡು ಸ್ಪೀಕರ್ ಹಾಕಿದಳು. ಇಬ್ಬರೂ ನಿಧಾನವಾಗಿ ಮಾತಾಡುತ್ತಿದ್ದರು. ಆ ಹೆಂಗಸೂ ಇವಳ ಹಾಗೆ ಒಂದೊಂದೇ ಪದ ಇಟ್ಟು ಮಾತಾಡಲು ಕಲಿತಿದ್ದಳು. ನಡುವೆ "ಟುಡೇ, ನೋ ಬೇಜಾರು" ಎಂದಳು. ನಮಗೆಲ್ಲ ನಗು ತಡೆಯಲಾಗಲಿಲ್ಲ. ಕೊನೆಗೆ ಅವಳು ಮೆಲ್ಲಗೆ ಏನೋ ಹೇಳಿದಳು. ಸೊಸೆಯ ಮುಖ ಕೆಂಪಾಯಿತು. ಫೋನ್ ಇಟ್ಟು, ಬಡಿಸುವ ನೆಪದಲ್ಲಿ ಒಲೆಯ ಕಡೆ ಹೋದಳು.

"ಏನಂದ್ಲೇ ಕೊನೆಗೆ?" ಎಂದು ಪಟಪಟಿಯನ್ನು ಕೇಳಿದೆ.

"ಐ ಆಮ್ ಗ್ರೇಟ್‌ಫುಲ್ ಅಂದ್ಲು."

"ಹಾಗಂದ್ರೆ?"

ಹುಡುಗಿ ತಟ್ಟನೆ ಬಾಯಿ ತೆರೆದಳು. ಅಷ್ಟೇ ತಟ್ಟನೆ ಮುಚ್ಚಿದಳು. "ತಾಳು ಅಜ್ಜಿ, ಯೋಚ್ನೆ ಮಾಡಿ ಹೇಳ್ತೀನಿ," ಎಂದಳು.

ನಾನು ಕಾದೆ. ಊಟ ಮುಗಿಯಿತು. ಅವಳು ತಟ್ಟೆಗಳನ್ನೆಲ್ಲ ಒಯ್ದು ತೊಳೆಯಲು ನಿಂತಳು, ಸೊಸೆ ಪಕ್ಕದಲ್ಲಿ ಒರೆಸುತ್ತಿದ್ದಳು. ನಾನು ಮೇಜು ಒರೆಸಿ ಆಯಿತು, ಮಗ ಒಂದು ಸಣ್ಣ ನಿದ್ದೆಗೆ ಹೋಗಿಯೂ ಆಯಿತು. ಆಗ ಅವಳು ನೊರೆಯ ಕೈಯಲ್ಲೇ ನನ್ನ ಕಡೆ ತಿರುಗಿದಳು.

"ಅಜ್ಜಿ, ಸಿಕ್ತು. 'ನೀವಿದ್ದಿದ್ದಕ್ಕೆ ಆಯ್ತು' ಅಂತಾರಲ್ಲ, ಅದು."

ನಾನು ಆ ಮಾತನ್ನು ಸೊಸೆಯ ಹಾಗೆ ನಾಲಿಗೆಯ ಮೇಲೆ ಹೊರಳಿಸಿ ನೋಡಿದೆ. ಅವಳು ಈ ಮನೆಗೆ ಬಂದು ಇಷ್ಟು ವರ್ಷವಾಯಿತು. ನನ್ನ ಕಾಲು ಮುರಿದಾಗ ಎತ್ತಿ ಕೂರಿಸಿದವಳು ಅವಳೇ. ಮನೆಯೊಳಗಿನವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ ಎಂದು ನಾವು ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಎದ್ದು ಅವಳ ಬಳಿ ಹೋಗಿ ನಿಂತೆ.

"ನೀನಿದ್ದಿದ್ದಕ್ಕೆ ಆಯ್ತು ಕಣೇ," ಎಂದೆ.

ಸೊಸೆ ಅವಸರ ಮಾಡಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಪೂರ್ತಿ ಒರೆಸಿ, ಅದರ ಜಾಗದಲ್ಲಿಟ್ಟು, ಒದ್ದೆ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು.